ನಮ್ಮ ಜಿಲ್ಲೆಯ ಪಂಚಾಂಗದಲ್ಲಿ ದುಡಿಯುವವರ ದಿನಗಳು

(ಶಿವಮೊಗ್ಗದಲ್ಲಿ ಗಿರಣಿ ಕಾರ್ಮಿಕರೂ ಚಿಲ್ಲರೆ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯಲ್ಲಿ ಜಯಂತಿಗಳಿಗೆ ಬರಗಾಲವಿಲ್ಲ. ಹಾರ ತುರಾಯಿಗಳಿಗೂ ಇಲ್ಲ. ಆದರೆ ಮಾರ್ಚಿ 1ರಿಂದ ಏಪ್ರಿಲ್ 18ರವರೆಗಿನ, ಏಳು ವಾರಗಳ ಅವಧಿಯೊಳಗೆ, ದುಡಿದು ತಿನ್ನುವ ಜನಕ್ಕೆ ಸೇರಿದ ಮೂರು ದಿನಗಳು ಪ್ರತಿವರ್ಷವೂ ಸದ್ದಿಲ್ಲದೆ ಬಂದುಹೋಗುತ್ತವೆ. ಅವುಗಳ ವಿಷಯ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ಅರಸರ ನೆನಪು ಬೇಡವೆಂಬುದು ನನ್ನ ವಾದವಲ್ಲ. ಶಿವಪ್ಪ ನಾಯಕನನ್ನೇ ತೆಗೆದುಕೊಳ್ಳಿ. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದವನು. ಅವನ ಹೆಸರು ಕತ್ತಿಯಿಂದಷ್ಟೇ ಉಳಿಯಲಿಲ್ಲ, ಶಿಸ್ತಿನಿಂದ ಉಳಿಯಿತು. ಒಂದೊಂದು ಬಗೆಯ ಭೂಮಿಯಲ್ಲಿ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಫಸಲೆಷ್ಟು ಎಂದು ಲೆಕ್ಕ ಬರೆಸಿ, ಆಮೇಲೆ ಕಂದಾಯ ಗೊತ್ತುಪಡಿಸಿದನೆಂದು ಗೆಜೆಟಿಯರಿನಲ್ಲಿಯೇ ಇದೆ. ಕೇಳುವವನು ಮೊದಲು ಅಳೆಯಬೇಕು, ಆ ಅಳತೆ ಕೊಡುವವನಿಗೂ ತಿಳಿದಿರಬೇಕು. ಶಿಸ್ತೆಂದರೆ ಇಷ್ಟೇ.

ಆ ಅರಸನ ನೆಲದಲ್ಲಿಯೇ, ಕೆಳದಿ ಇಕ್ಕೇರಿಗಳಿರುವ ಸಾಗರ ತಾಲ್ಲೂಕಿನಲ್ಲಿಯೇ, ಮುನ್ನೂರು ವರ್ಷಗಳಾದ ಮೇಲೆ ಅಳತೆಗಾಗಿ ಜಗಳ ಹುಟ್ಟಿತು. ಊರು ಕಾಗೋಡು. ಗೇಣಿದಾರನು ಒಡೆಯನಿಗೆ ಭತ್ತ ಅಳೆದುಕೊಡಬೇಕು. ಕೊಳಗ ಒಡೆಯನದು. ಕಾಯಿದೆಯ ಕೊಳಗಕ್ಕಿಂತ ಅದರ ಹೊಟ್ಟೆ ದೊಡ್ಡದು. ವರ್ತಕ ಬಂಧುಗಳು ಲೆಕ್ಕ ಬಲ್ಲವರು. ಕೊಳಗಕ್ಕೆ ಒಂದೇ ಸೇರು ಹೆಚ್ಚೆಂದು ಇಟ್ಟುಕೊಳ್ಳಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ ಒಂದಕ್ಕೆ ಇಪ್ಪತ್ತು ಸೇರು ಭತ್ತ ಕಣದಲ್ಲಿಯೇ ಕಣ್ಮರೆಯಾಯಿತು. ನಿಮ್ಮ ಅಂಗಡಿಯ ತಕ್ಕಡಿಗೆ ಮುದ್ರೆಯಿಲ್ಲದಿದ್ದರೆ ಇನ್‌ಸ್ಪೆಕ್ಟರು ದಂಡ ಹಾಕುತ್ತಾನೆ. ಒಡೆಯನ ಕೊಳಗಕ್ಕೆ ಮುದ್ರೆ ಕೇಳುವ ಇನ್‌ಸ್ಪೆಕ್ಟರು ಆ ಕಾಲದಲ್ಲಿ ಯಾರಿದ್ದರು?

ಕೇಳಿದವರು ಗೇಣಿದಾರರೇ, ಬಹುಪಾಲು ದೀವರು. ಶಾಲಾ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು 1948ರಲ್ಲಿ ರೈತ ಸಂಘ ಕಟ್ಟಿದರು. ಎಲ್ಲರಿಗೂ ಒಂದೇ ಅಳತೆಯಾಗಲಿ, ಪಡೆದ ಗೇಣಿಗೆ ರಶೀದಿ ಕೊಡಿ ಎಂಬುವು ಬೇಡಿಕೆ. ಇದರಲ್ಲಿ ಕ್ರಾಂತಿಯ ಮಾತು ಒಂದಾದರೂ ಇದೆಯೇ? ಯಾವ ಕಿರಾಣಿ ಅಂಗಡಿಯಲ್ಲಿಯೂ ಗಿರಾಕಿ ಕೇಳುವುದು ಇದನ್ನೇ ಅಲ್ಲವೇ? ಆದರೆ ಉತ್ತರವಾಗಿ ಬಂದದ್ದು ಒಕ್ಕಲೆಬ್ಬಿಸುವಿಕೆ. ಆಗ 1951ರ ಏಪ್ರಿಲ್ 18ರಂದು, ಯಾವ ಗದ್ದೆಯಿಂದ ತಮ್ಮನ್ನು ಹೊರಹಾಕಿದ್ದರೋ ಅದೇ ಗದ್ದೆಗೆ ರೈತರು ನೇಗಿಲು ಹೊತ್ತು ಇಳಿದರು. ಪೊಲೀಸರು ಹಿಡಿದೊಯ್ದರು. ಮರುದಿನ ಇನ್ನೊಂದು ತಂಡ. ಹೆಂಗಸರೂ ಹಿಂದೆ ಬೀಳಲಿಲ್ಲ. ಸೋಷಲಿಸ್ಟ್ ಪಕ್ಷ ಜೊತೆಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಊರೂರು ತಿರುಗಿದರು. ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ತಾವೇ ಬಂದು ದಸ್ತಗಿರಿಯಾದರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲವೆಂಬುದನ್ನು ಮರೆಯಬೇಡಿ. ಮುಂದಿನ ವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿಬಂದರು. ಹೊಲ ಮಾತ್ರ ಕೂಡಲೇ ಕೈಗೆ ಬರಲಿಲ್ಲ.

ಎರಡನೆಯದು ಇದಕ್ಕೂ ಹಿಂದಿನದು. ಅದು ಒಂದು ದಿನವಲ್ಲ, ಮೂರು ದಿನ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿತು. ಕಂದಾಯ ನಿಂತಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಪೊಲೀಸರೊಡನೆ ಬಂದರು. ಘರ್ಷಣೆಯಲ್ಲಿ ಆ ಇಬ್ಬರೂ ಸತ್ತರು. ಭಾಷಣ ಮಾಡುವವರು ಇದನ್ನು ನುಂಗಿಬಿಡುವುದುಂಟು. ನುಂಗಬಾರದು. ಅವರೂ ಯಾರದೋ ಮನೆಯ ಮಕ್ಕಳೇ. ಆಮೇಲೆ ಪಡೆ ಬಂತು, ಊರು ಸೂರೆಯಾಯಿತು. ಹೆಂಗಸರಿಗೂ ಕಠಿಣ ಶಿಕ್ಷೆಗಳಾದವು. ಬೆಂಗಳೂರಿನ ಸೆರೆಮನೆಯಲ್ಲಿ 1943ರ ಮಾರ್ಚಿ 8ರಂದು ಗುರಪ್ಪ ಮತ್ತು ಮಲ್ಲಪ್ಪ, 9ರಂದು ಸೂರ್ಯನಾರಾಯಣಾಚಾರ್ ಮತ್ತು ಹಾಲಪ್ಪ, 10ರಂದು ಶಂಕರಪ್ಪ ಗಲ್ಲಿಗೇರಿದರು. ಏಸೂರು ಕೊಟ್ಟರೂ ಈಸೂರು ಕೊಡೆವೆಂಬ ಘೋಷಣೆ ಎಲ್ಲರಿಗೂ ಬಾಯಿಪಾಠ. ಈ ಐದು ಹೆಸರುಗಳನ್ನು ತಡವರಿಸದೆ ಹೇಳುವವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈ ಎತ್ತಿಸುವುದಿಲ್ಲ, ಬಿಡಿ.

ಮೂರನೆಯದು ಮಾರ್ಚಿ 1. ಇದನ್ನು ಯಾರೂ ಆಚರಿಸುವುದಿಲ್ಲ, ಏಕೆಂದರೆ ಅದರಲ್ಲಿ ರಕ್ತವಿಲ್ಲ, ಬರಿಯ ಕಾಗದವಿದೆ. ಭೂಸುಧಾರಣೆ ಕಾಯಿದೆಯ ಪ್ರಕಾರ, ಗೇಣಿಯ ಮೇಲಿದ್ದ ಭೂಮಿಯೆಲ್ಲ 1974ರ ಮಾರ್ಚಿ 1ರಂದು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೆಯ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತನ್ನ ಗದ್ದೆಯನ್ನು ತನ್ನ ಹೆಸರಿಗೆ ಪಡೆಯಬಹುದಾಯಿತು. ಆಗ ಅಧಿಕಾರದಲ್ಲಿದ್ದುದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಸಮಾಜವಾದಿಗಳು ಮಾಡಿದರೆಂದು ಹೇಳಿಕೊಂಡರೆ ಸುಳ್ಳಾದೀತು. ಕಾಗೋಡು ಇಲ್ಲದೆಯೂ ಅದು ಆಗುತ್ತಿತ್ತೆಂದರೆ ಅದೂ ಸುಳ್ಳೇ. ಗೋಪಾಲಗೌಡರು 1972ರ ಜೂನ್‌ನಲ್ಲಿಯೇ ತೀರಿಕೊಂಡಿದ್ದರು. ಆ ದಿನವನ್ನು ಅವರು ಕಾಣಲಿಲ್ಲ.

ಈ ದಿನವನ್ನು ಮರೆಯದಿದ್ದವರು ಬೇರೆ ಇದ್ದರು. ಬೇಸಾಯದ ಹೊರಗೆ ಹೇರಳ ವರಮಾನವುಳ್ಳವರು, ಬೇಸಾಯಗಾರರಲ್ಲದ ಕಂಪೆನಿಗಳು, ಸಾಗುವಳಿ ಭೂಮಿ ಕೊಳ್ಳದಂತೆ ಅದೇ ಕಾಯಿದೆಯಲ್ಲಿ 79ಎ, 79ಬಿ ಎಂಬ ಕಲಮುಗಳಿದ್ದವು. 2020ರಲ್ಲಿ ರಾಜ್ಯ ಸರ್ಕಾರ ಅವನ್ನು ತೆಗೆದುಹಾಕಿತು. ಅಂದಿನಿಂದ ಮುಂದಕ್ಕೆ ಎಂದಷ್ಟೇ ಬರೆಯಲಿಲ್ಲ. 1974ರ ಮಾರ್ಚಿ 1ರಿಂದಲೇ ಅವು ಇರಲಿಲ್ಲವೆಂದು ಭಾವಿಸತಕ್ಕದ್ದು ಎಂದು ಬರೆಯಿತು! ನಲವತ್ತಾರು ವರ್ಷದ ಕಾನೂನು ಹುಟ್ಟಲೇ ಇಲ್ಲವೆಂದಾಯಿತು. ಸಂಗಾತಿಗಳೆ, ತಾರೀಖುಗಳ ಬೆಲೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಗಿರಣಿಯವರಿಗೆ ಗದ್ದೆಯ ಮಾತೇಕೆ ಎನ್ನುವಿರೋ? ಗದ್ದೆ ಕಳೆದುಕೊಂಡವನೇ ಅಲ್ಲವೇ ಗಿರಣಿಯ ಗೇಟಿನ ಮುಂದೆ ಕಡಿಮೆ ಕೂಲಿಗೆ ನಿಲ್ಲುವವನು? ಅವನ ಕೈಯಲ್ಲಿ ಕಾಸಿಲ್ಲದಿದ್ದರೆ ವರ್ತಕನ ಸಂತೆ ಏನಾದೀತು? ಗಿರಣಿಯ ಚಕ್ರ ತಿರುಗಿಸುವ ಕರೆಂಟಿನ ಲೆಕ್ಕವನ್ನೂ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆಯಿತು. ಸಾಗರ, ಹೊಸನಗರಗಳ ಎಷ್ಟೋ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎಬ್ಬಿಸಲ್ಪಟ್ಟವರಲ್ಲಿ ಅನೇಕ ಕುಟುಂಬಗಳಿಗೆ, ಹೋಗಿ ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದಲ್ಲಿಯೂ ಅಲೆದಾಟ ತಪ್ಪಲಿಲ್ಲ. ಅವರ ನೆನಪಿಗೆ ಒಂದು ದಿನವನ್ನು ಗೊತ್ತುಮಾಡುವುದೂ ಕಷ್ಟ. ನೀರು ಒಂದೇ ದಿನ ಏರಲಿಲ್ಲವಷ್ಟೆ.

ಆದುದರಿಂದ ಒಂದು ಸಣ್ಣ ಕೆಲಸ ಕೇಳುತ್ತೇನೆ. ಏಪ್ರಿಲ್ 18ರ ಸಂಜೆ ಪಾಳಿ ಬಿಟ್ಟ ಮೇಲೆ ಇಲ್ಲಿಯೇ ಸೇರೋಣ. ಹಾರ ಬೇಡ, ಮೈಕು ಬೇಡ. ಸಾಗರ, ಸೊರಬ, ಹೊಸನಗರ, ಶಿಕಾರಿಪುರಗಳಿಂದ ಬಂದು ಇಲ್ಲಿ ದುಡಿಯುತ್ತಿರುವವರು ಅಷ್ಟರೊಳಗೆ ಒಮ್ಮೆ ಊರಿಗೆ ಹೋಗಿಬನ್ನಿ. ಮನೆಯ ಅಟ್ಟದ ಮೇಲೆ ಹಳೆಯ ಗೇಣಿ ಚೀಟಿ, ಜೈಲಿನ ಕಾಗದ, ಏಳನೆಯ ನಮೂನೆಯ ನಕಲು, ಮುಳುಗಡೆಯ ನೋಟೀಸು, ಏನಿದ್ದರೂ ತನ್ನಿ. ಅಕ್ಷರ ಬಲ್ಲವರು ನಕಲು ಮಾಡಿಕೊಂಡು ಮೂಲವನ್ನು ಅಲ್ಲಿಯೇ ಹಿಂದಿರುಗಿಸುತ್ತಾರೆ. ಹಳೆಯ ಕೊಳಗ ಸಿಕ್ಕರಂತೂ ತಪ್ಪದೆ ಹೊತ್ತುತನ್ನಿ. ಎರಡು ಮನೆಯ ಎರಡು ಕೊಳಗ ಸಿಕ್ಕರೆ, ಅಕ್ಕಿ ಮಂಡಿಯವರು ಒಂದು ಮೂಟೆ ಭತ್ತ ಕೊಡಲಿ. ಒಂದರಿಂದ ಇನ್ನೊಂದಕ್ಕೆ ಸುರಿದು ಎಲ್ಲರೆದುರಿಗೆ ಅಳೆದು ನೋಡೋಣ.