ಕಾಗಲ್‌ನಿಂದ ನಿಪ್ಪಾಣಿಗೆ: ಬಿ.ಎ. ಮಧ್ಯದಲ್ಲಿ ಕಾಲೇಜು ಬದಲಿಸುವವರಿಗೆ



ಸುಳಕೂಡದ ಹುಡುಗಿಯೊಬ್ಬಳು ಕಾಗಲ್‌ನ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ವಿಷಯ ಅರ್ಥಶಾಸ್ತ್ರ. ಅಕ್ಕನ ಮನೆ ನಿಪ್ಪಾಣಿಯಲ್ಲಿದೆ, ಎರಡನೆಯ ವರ್ಷ ಅಲ್ಲೇ ಓದುವ ಆಸೆ. ಬಸ್ಸಿಗೆ ಇದು ಹತ್ತಿರದ ದಾರಿ. ಆದರೆ ಯಾವ ಕಾಲೇಜು ಎಂಬುದರ ಮೇಲೆ ಎಲ್ಲ ನಿಂತಿದೆ.

ನಿಪ್ಪಾಣಿಯವರು ತಮ್ಮದೆಂದೇ ಹೇಳಿಕೊಳ್ಳುವ ದೇವಚಂದ ಕಾಲೇಜು ಇರುವುದು ಅರ್ಜುನನಗರದಲ್ಲಿ. ಅದು ಕಾಗಲ್ ತಾಲೂಕು, ಮಹಾರಾಷ್ಟ್ರ. 1962ರಲ್ಲಿ ಆರಂಭವಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಿಪ್ಪಾಣಿ ಊರೊಳಗಿನ ಜಿ.ಐ. ಬಾಗೇವಾಡಿ ಕಾಲೇಜು ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ್ದು. ದೇವಚಂದಕ್ಕೆ ಹೋದರೆ ಕಾಗಲ್‌ನಲ್ಲಿದ್ದ ವಿಶ್ವವಿದ್ಯಾಲಯವೇ, ಪಠ್ಯಕ್ರಮವೂ ಬಹುಮಟ್ಟಿಗೆ ಅದೇ. ಬಾಗೇವಾಡಿಗೆ ಹೋದರೆ ರಾಜ್ಯವೇ ಬದಲು. ಟಿಸಿಯ ಜತೆಗೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಹೊಸ ವಿಶ್ವವಿದ್ಯಾಲಯದ ಒಪ್ಪಿಗೆಯೂ ಬೇಕು.

ಕಾಗದಪತ್ರ ಹೇಗೋ ಆಗುತ್ತದೆ. ತೊಡಕಿರುವುದು ಪತ್ರಿಕೆಗಳು ಹೊಂದುವುದರಲ್ಲಿ. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷ ಮಹಾರಾಷ್ಟ್ರದ ಸಂಯೋಜಿತ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿಯ ಮೇಜರ್-ಮೈನರ್ ಪದ್ಧತಿ ಬಂತು. ಒಂದು ಕಡೆ ಸೂಕ್ಷ್ಮ ಅರ್ಥಶಾಸ್ತ್ರ ಮೊದಲ ಸೆಮಿಸ್ಟರಿನಲ್ಲಿ, ಇನ್ನೊಂದು ಕಡೆ ಮೂರನೆಯದರಲ್ಲಿ ಇದ್ದರೆ ಸಾಕು, ಹುಡುಗಿ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಎರಡು ಸಲ ಓದುತ್ತಾಳೆ, ರಾಷ್ಟ್ರೀಯ ಆದಾಯವನ್ನು ಒಮ್ಮೆಯೂ ಓದುವುದಿಲ್ಲ. ಭಾಷಾ ಪತ್ರಿಕೆಗಳ ಪೇಚು ಬೇರೆ. ದೂಧಗಂಗೆಯ ದಂಡೆಯ ಕಬ್ಬು ಎರಡೂ ರಾಜ್ಯದಲ್ಲಿ ಒಂದೇ ಥರ ಬೆಳೆಯುತ್ತದೆ, ಪರೀಕ್ಷೆಗೆ ಮಾತ್ರ ಅದು ಇಲ್ಲಿ ಮಹಾರಾಷ್ಟ್ರದ ಅರ್ಥವ್ಯವಸ್ಥೆ, ಅಲ್ಲಿ ಕರ್ನಾಟಕದ್ದು!

ಆದ್ದರಿಂದ ಮೊದಲು ಟಿಸಿ ಕೇಳಬೇಡಿ. ಎರಡೂ ಕಡೆಯ ಪಠ್ಯಕ್ರಮ ತಂದು ಪಕ್ಕಪಕ್ಕದಲ್ಲಿ ಹರಡಿ, ಘಟಕ ಘಟಕವಾಗಿ ಪೆನ್ಸಿಲಿನಿಂದ ಗುರುತು ಹಾಕಿ. ಶೀರ್ಷಿಕೆಯನ್ನು ನಂಬಬೇಡಿ, ಒಳಗಿನ ಪಾಠ ನೋಡಿ. ನಿಮ್ಮ ಪಠ್ಯಕ್ರಮದ ಪ್ರತಿಗೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ. ಅಂಕಪಟ್ಟಿಯ ಜತೆ ಅದನ್ನು ಹೊಸ ಕಾಲೇಜಿಗೆ ಕೊಟ್ಟು, ಯಾವ ಪತ್ರಿಕೆ ಒಪ್ಪುತ್ತಾರೆ, ಯಾವುದನ್ನು ಮತ್ತೆ ಬರೆಯಬೇಕು ಎಂಬುದನ್ನು ಬರಹದಲ್ಲಿ ಕೇಳಿ. "ನೋಡೋಣ ಬಾರಮ್ಮ" ಎಂಬ ಬಾಯಿಮಾತು ಸಾಲದು. ಹಿಂದಿನ ವಿಷಯ ಬಾಕಿ ಇದ್ದರೆ ಅದನ್ನು ಇಲ್ಲಿಯೇ ಪಾಸು ಮಾಡಿಕೊಂಡು ಹೊರಡುವುದು ಜಾಣತನ.

ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಆರಂಭಿಸಿತು. ಗಳಿಸಿದ ಕ್ರೆಡಿಟ್ ವಿದ್ಯಾರ್ಥಿಯ ಖಾತೆಯಲ್ಲಿ ಜಮೆಯಾಗುತ್ತದೆ. ಸಾಮಾನ್ಯವಾಗಿ ಏಳು ವರ್ಷ ಬಾಳುತ್ತದೆ. ಖಾತೆ ತೆರೆಯಿರಿ, ಕ್ರೆಡಿಟ್ ಏರಿದೆಯೇ ನೋಡಿ. ಆದರೆ ಜಮೆಯಾದ ಮಾತ್ರಕ್ಕೆ ಇನ್ನೊಂದು ವಿಶ್ವವಿದ್ಯಾಲಯ ಅದನ್ನು ತನ್ನ ಪತ್ರಿಕೆಗೆ ಸಮವೆಂದು ಒಪ್ಪಿತೆಂದಲ್ಲ.

ಗಡಿನಾಡ ಕನ್ನಡಿಗರ ಮೀಸಲಾತಿಯನ್ನು ಕೆಲವರು ಇಲ್ಲಿ ನೆನೆಯುತ್ತಾರೆ. ಗಡಹಿಂಗ್ಲಜ, ಜತ್ತ, ಅಕ್ಕಲಕೋಟೆ ತಾಲೂಕುಗಳ ಹೆಸರಿರುವ ಆ ಸೌಲಭ್ಯ ಕರ್ನಾಟಕದ ಸಿಇಟಿ ಮೂಲಕ ಸೇರುವ ವೃತ್ತಿಪರ ಕೋರ್ಸುಗಳದ್ದು. ಬಿ.ಎ.ಗೆ ಅದರ ನೆರವಿಲ್ಲ.

ನನ್ನನ್ನು ಕೇಳಿದರೆ, ಮನೆಯ ಕಾರಣ ತುರ್ತಿನದಲ್ಲದಿದ್ದರೆ ಪದವಿಯನ್ನು ಶುರುಮಾಡಿದಲ್ಲೇ ಮುಗಿಸುವುದು ಒಳ್ಳೆಯದು. ಎಂ.ಎ.ಗೆ ಧಾರವಾಡವಿದೆ, 1930ರಲ್ಲಿ ಹುಟ್ಟಿದ ಪುಣೆಯ ಗೋಖಲೆ ಸಂಸ್ಥೆಯಿದೆ. ಅಲ್ಲಿ ಪತ್ರಿಕೆ ಹೊಂದಿಸುವ ಗೋಜಿಲ್ಲ, ಪದವಿಯ ಅಂಕ ಮತ್ತು ಪ್ರವೇಶ ನಿಯಮ ನೋಡಿಕೊಂಡರಾಯಿತು. ಪದವಿಯ ಉಳಿದ ಎರಡು ವರ್ಷದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಗಟ್ಟಿಮಾಡಿಕೊಂಡರೆ ಮುಂದಿನ ಪಾಠಕ್ಕೆ ಹೆಚ್ಚು ಉಪಯೋಗ.