ಈಳಿಗೆ ಮಣೆಯಿಂದ ನಡುಗುವ ಚಾಕುವಿನವರೆಗೆ

(ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ನಾಲ್ಕು ಮಾತನಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಾನು ಅಡುಗೆಮನೆಯ ಚಾಕುವಿನ ವಿಷಯ ತಂದಿದ್ದೇನೆ.

ನಾನಾಗ ಇಲ್ಲೇ ಒಂಬತ್ತನೇ ತರಗತಿ. ಇವತ್ತು ಕೆಂಪು ತೊಳೆಯ ‘ಸಿದ್ದು’ ಹಲಸಿಗೆ ಹೆಸರಾಗಿರುವ ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ಅಪ್ಪ ಒಂದು ಹಣ್ಣು ತಂದಿದ್ದರು. ಮನೆಯ ಈಳಿಗೆ ಮಣೆ ಮೊಂಡಾಗಿತ್ತು. ಅದನ್ನು ಸಾಣೆ ಹಿಡಿಸಿಕೊಂಡು ಬರುವ ಕೆಲಸ ನನ್ನದು. ನಾಳೆ, ನಾಳೆ ಎಂದು ವಾರ ಕಳೆದಿದ್ದೆ. ಅಮ್ಮ ಬಲ ಹಾಕಿ ಒತ್ತಿದರು. ಹಣ್ಣು ಜಾರಿತು, ಅಂಗೈ ಸೀಳಿತು. ಕುಣಿಗಲ್ಲಿನಿಂದ ಬಂದಿದ್ದ ಅಜ್ಜಿ ಬಟ್ಟೆ ಸುತ್ತುತ್ತಾ, “ಹರಿತವಾದ್ದು ಹಣ್ಣು ಕುಯ್ಯುತ್ತೆ, ಮೊಂಡು ಕೈ ಕುಯ್ಯುತ್ತೆ ಕಣೋ” ಅಂದರು. ಅಮ್ಮನ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಅಜ್ಜಿಯ ಮಾತು ನಿಮ್ಮ ಪಠ್ಯದಲ್ಲೇ ಇದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಮೊಂಡು ಅಂಚು ಅಗಲವಾಗಿರುವುದರಿಂದ ಹೆಚ್ಚು ಬಲ ಬೇಕು. ಹೆಚ್ಚು ಬಲ ಹಾಕಿದಾಗ ಕೈ ಹತೋಟಿ ತಪ್ಪುತ್ತದೆ. ಇನ್ನೊಂದು ಗಮನಿಸಿ: ಟೊಮ್ಯಾಟೊ ಮೇಲೆ ಚಾಕುವನ್ನು ಬರೀ ಒತ್ತಿದರೆ ಅದು ಜಜ್ಜಿಹೋಗುತ್ತದೆ, ಹಿಂದೆ ಮುಂದೆ ಎಳೆದರೆ ಸಲೀಸಾಗಿ ಕುಯ್ಯುತ್ತದೆ.

ಶ್ರವಣಾತೀತ ಚಾಕು ಈ ಎಳೆದಾಟವನ್ನು ತಾನೇ ಮಾಡುತ್ತದೆ. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಅಲಗು ನಡುಗುತ್ತದೆ. ನಮ್ಮ ಕಿವಿಯ ಮಿತಿ ಸುಮಾರು 20,000. ಅದಕ್ಕೇ ಸದ್ದು ಕೇಳದು. ನಡುಕ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದಕ್ಕೇ ಕಣ್ಣಿಗೆ ಕಾಣದು. ಅಂಟುವುದೂ ಕಡಿಮೆ. ಹಲಸು ಕುಯ್ಯುವಾಗ ನಾವು ಅಲಗಿಗೆ ಎಣ್ಣೆ ಸವರುತ್ತೇವಲ್ಲ, ಅಲ್ಲಿ ಎಣ್ಣೆ ಮಾಡುವ ಕೆಲಸವನ್ನು ಇಲ್ಲಿ ಕಂಪನ ಮಾಡುತ್ತದೆ. ಕೇಕ್, ಚೀಸ್, ಅಂಟಂಟಾದ ಮಿಠಾಯಿ ಕತ್ತರಿಸಲು ಕಾರ್ಖಾನೆಗಳು ಇದನ್ನು ಬಹಳ ಕಾಲದಿಂದ ಬಳಸುತ್ತಿವೆ. ಮನೆಬಳಕೆಯ ಚಾಕು ಬಂದದ್ದು ಈಚೆಗೆ.

ನಡುಕ ಎಲ್ಲಿಂದ? ನಿಮ್ಮ ಮನೆಯ ಗ್ಯಾಸ್ ಲೈಟರ್ ನೆನಪಿಸಿಕೊಳ್ಳಿ. ಕಟಕ್ ಎಂದು ಒತ್ತಿದಾಗ ಒಳಗಿನ ವಸ್ತುವಿಗೆ ಪೆಟ್ಟು ಬಿದ್ದು ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು; ಹೆಸರು ಪೀಜೋವಿದ್ಯುತ್. ಚಾಕುವಿನ ಹಿಡಿಯೊಳಗೆ ನಡೆಯುವುದು ಇದರ ತಿರುವುಮುರುವು: ವಿದ್ಯುತ್ ಕೊಟ್ಟರೆ ಪಿಂಗಾಣಿಯಂಥ ವಸ್ತು ಹಿಗ್ಗಿ ಕುಗ್ಗಿ ಅಲಗನ್ನು ನಡುಗಿಸುತ್ತದೆ. ತುಮಕೂರಿನ ದಂತವೈದ್ಯರ ಬಳಿ ಹಲ್ಲಿನ ಪಾಚಿ ತೆಗೆಸಿಕೊಂಡವರ ಬಾಯಲ್ಲೂ ಇಂಥದೇ ಕಂಪನ ಆಡಿರುತ್ತದೆ.

ಆದರೆ ಕಂಪನ ಹರಿತಕ್ಕೆ ಬದಲಿಯಲ್ಲ. ಆ ಚಾಕುವೂ ಮೊಂಡಾಗುತ್ತದೆ, ಅದಕ್ಕೂ ಸಾಣೆ ಬೇಕು. ಸಾಣೆ ಹಿಡಿಯುವಾಗ, ಒರೆಸುವಾಗ ಸ್ವಿಚ್ ಆರಿಸಿರಬೇಕು. ನಡುಗುವ ಅಲಗನ್ನು ಮುಟ್ಟಬಾರದು. ಮೂಳೆಗೆ, ಸ್ಟೀಲ್ ತಟ್ಟೆಗೆ ತಾಗಿಸಬಾರದು. ಹಿಡಿಯಲ್ಲಿ ಬ್ಯಾಟರಿ ಇರುವುದರಿಂದ ನೀರಿನಲ್ಲಿ ನೆನೆಹಾಕಬಾರದು. ಈಳಿಗೆ ಮಣೆಯಾದರೆ ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ಅಲಗು ಗೋಡೆಯ ಕಡೆಗಿರುವಂತೆ ಇಡಿ.

ಇವತ್ತು ಮನೆಗೆ ಹೋದಮೇಲೆ ಅಮ್ಮನ ಚಾಕು, ಈಳಿಗೆ ಮಣೆ ಹೇಗಿವೆ ಎಂದು ಕೇಳಿ. ಮೊಂಡಾಗಿದ್ದರೆ ಸಾಣೆಗೆ ಕೊಂಡೊಯ್ಯುವ ಕೆಲಸ ನಿಮ್ಮದಾಗಲಿ. ನಾಳೆ ಎನ್ನಬೇಡಿ.