ಕೂರಿಸುವುದೂ ಒಂದು ಕಾಯಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ಪ್ರವಚನಕಾರನಲ್ಲ. 34 ವರ್ಷ ಸರ್ಕಾರಿ ಇಂಜಿನಿಯರ್ ಆಗಿ ರಸ್ತೆ, ಸೇತುವೆ, ಶಾಲಾ ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಕಳೆದ ವರ್ಷ ಆಫ್ರಿಕಾದ ಕೀನ್ಯಾ ದೇಶದಲ್ಲಿ, ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಮೂರು ತಿಂಗಳು ಸೇವೆ ಮಾಡಿ ಬಂದೆ. ಸೇವೆ ಮಾಡಿ ಬಂದೆ ಅನ್ನುವುದಕ್ಕಿಂತ ಕಲಿತು ಬಂದೆ ಅನ್ನುವುದೇ ಸರಿ.

ಆ ಊರು ಕಿಸುಮು, ವಿಕ್ಟೋರಿಯಾ ಸರೋವರದ ದಂಡೆಯ ಮೇಲಿದೆ. ಮೊಂಬಾಸಾ ಬಂದರಿನಿಂದ 1896ರಲ್ಲಿ ಶುರುವಾದ ರೈಲು ಮಾರ್ಗ 1901ರಲ್ಲಿ ಅಲ್ಲಿಗೆ ಮುಟ್ಟಿತು. ಅದನ್ನು ಹಾಕಲು ಹಿಂದೂಸ್ಥಾನದಿಂದ ಹೋದ ಕೂಲಿಕಾರರು ಸುಮಾರು 32,000 ಜನ. ಅವರಲ್ಲಿ ಎರಡೂವರೆ ಸಾವಿರದಷ್ಟು ಜನ ಅಲ್ಲೇ ತೀರಿಕೊಂಡರು. ನನ್ನ ಮಗಳು, ಅಳಿಯ ಈಗ ಆ ಊರಿನಲ್ಲಿದ್ದಾರೆ. ಮಗಳೇ ಒಂದು ದಿನ, "ಅಪ್ಪಾಜಿ, ಮನೆಯಲ್ಲಿ ಕೂತು ಬೇಸರ ಮಾಡಿಕೊಳ್ಳಬೇಡಿ, ಬನ್ನಿ" ಎಂದು ಆ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಬಾಗಿಲಲ್ಲೇ ನನ್ನ ಕಾಲು ನಿಂತವು. ಒಳಗೆ ಚಾಪೆಯ ಮೇಲೆ ಏಳೆಂಟು ವರ್ಷದ ಒಬ್ಬ ಹುಡುಗ ಮಲಗಿದ್ದ. ಕೈಕಾಲು ಸೆಟೆದುಕೊಂಡಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ನನಗೆ ನನ್ನ ತಮ್ಮನೇ ಕಂಡಂತಾಯಿತು.

ನನಗೊಬ್ಬ ತಮ್ಮನಿದ್ದ ಎಂಬುದು ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನಾವು ನೋಡಿಕೊಂಡೆವು. ನೆಂಟರು ಬಂದರೆ ಒಳಕೋಣೆಯ ಬಾಗಿಲು ಹಾಕುತ್ತಿದ್ದೆವು. ಹಿಂದಿನ ಜನ್ಮದ ಕರ್ಮ ಎಂದರು ಊರವರು. ಕರ್ಮಸಿದ್ಧಾಂತವನ್ನು ಒಪ್ಪದ ಧರ್ಮ ನಮ್ಮದು ಎಂದು ಭಾಷಣ ಕೇಳುತ್ತಿದ್ದ ನಾವೇ, ಕೊರಳಲ್ಲಿ ಇಷ್ಟಲಿಂಗ ಇದ್ದ ನಾವೇ, ಆ ಮಾತನ್ನು ನಂಬಿದೆವು. ಅವ್ವ ಅವನನ್ನು ಮಲಗಿಸಿಯೇ ಗಂಜಿ ಕುಡಿಸುತ್ತಿದ್ದಳು. ಒಂಬತ್ತನೇ ವಯಸ್ಸಿಗೆ ಎದೆಯಲ್ಲಿ ಕಫ ಕಟ್ಟಿ ಹೋದ.

ಈ ಸ್ಥಿತಿಗೆ ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಮಿದುಳಿಗೆ ಪೆಟ್ಟಾಗಿರುತ್ತದೆ. ಆಮ್ಲಜನಕ ಸಾಲದೆ ಹೋಗಿರಬಹುದು, ತೀವ್ರ ಕಾಮಾಲೆ ಆಗಿರಬಹುದು, ಸೋಂಕು ತಗುಲಿರಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಿರಬಹುದು. ಆಗಿರುವ ಆ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗುವನ್ನು ಮಲಗಿಸಿಯೇ ಬಿಟ್ಟರೆ ಮೈ ಸೊಟ್ಟಗಾಗುತ್ತಾ ಹೋಗುತ್ತದೆ. ಕೈಕಾಲು ಮಾತು ಕೇಳದ ಎಷ್ಟೋ ಮಕ್ಕಳಿಗೆ ಬುದ್ಧಿ ಚೆನ್ನಾಗಿಯೇ ಇರುತ್ತದೆ. ಇದರಲ್ಲಿ ಪಾಪವೂ ಇಲ್ಲ, ಶಾಪವೂ ಇಲ್ಲ.

ಆ ಕೇಂದ್ರದಲ್ಲಿ ಇಂಥ ಮಕ್ಕಳಿಗೆ ಹಳೇ ರಟ್ಟಿನಿಂದ ಕುರ್ಚಿ ಮಾಡುತ್ತಾರೆ. ಈ ವಿದ್ಯೆಯನ್ನು ರೂಪಿಸಿದವರು ಜಿಂಬಾಬ್ವೆಯ ಬೆವಿಲ್ ಪ್ಯಾಕರ್ ಎಂಬ ಶಿಕ್ಷಕರು. ಅಂಗಡಿಯವರು ಎಸೆದ ಪೆಟ್ಟಿಗೆ, ರದ್ದಿ ಪೇಪರು, ಹಿಟ್ಟು ಕುದಿಸಿ ಮಾಡಿದ ಅಂಟು, ಇಷ್ಟೇ ಸಾಮಾನು. ರಟ್ಟಿನ ಗೆರೆಗಳು ಒಂದು ಪದರದಲ್ಲಿ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಬರುವಂತೆ ಅಂಟಿಸಿ, ಮೇಲೆ ಭಾರ ಹೇರಿ, ಬಿಸಿಲಿಗೆ ಒಣಗಿಸಬೇಕು. ಪ್ಲೈವುಡ್‌ಗೆ ಬಲ ಬರುವುದೂ ಹೀಗೆಯೇ. ಒಣಗಿದ ಹಲಗೆಯ ಮೇಲೆ 78 ಕಿಲೋ ತೂಗುವ ನಾನೇ ಹತ್ತಿ ನಿಂತೆ. ಅಲುಗಲಿಲ್ಲ.

ಅಲ್ಲಿ ಕುರ್ಚಿ ಮಾಡುವಾಕೆ ಪೋಲಿಯೋದಿಂದ ಕಾಲು ಕಳೆದುಕೊಂಡ ಹೆಣ್ಣುಮಗಳು. ಕುಶಲಕರ್ಮಿಗೆ ಅವರ ಸ್ವಾಹಿಲಿ ಭಾಷೆಯಲ್ಲಿ 'ಫುಂಡಿ' ಎನ್ನುತ್ತಾರೆ. ನನ್ನನ್ನು 'ಮ್ಜೇ' ಎಂದು ಕರೆಯುತ್ತಿದ್ದಳು, ಅಂದರೆ ಹಿರಿಯರು. ಆ ಹುಡುಗನಿಗೆ ಕುರ್ಚಿ ನಾನೇ ಮಾಡುತ್ತೇನೆಂದೆ. ಇಷ್ಟು ಸೇತುವೆ ಕಟ್ಟಿದವನಿಗೆ ಇದೊಂದು ಕುರ್ಚಿಯೇ ಎಂಬ ಗರ್ವ. ಮೂರು ದಿನ ಕೂತು ಮಾಡಿದೆ. ಹುಡುಗನನ್ನು ಕೂರಿಸಿದರೆ ಜಾರಿ ಜಾರಿ ಕೆಳಗೆ ಬಂದ, ಅಳತೊಡಗಿದ. ಆಕೆ ನಗಲಿಲ್ಲ. "ಮ್ಜೇ, ನೀವು ಕುರ್ಚಿ ಅಳೆದಿರಿ, ಮಗುವನ್ನು ಅಳೆಯಲಿಲ್ಲ" ಎಂದಳು.

ಆಮೇಲೆ ಫಿಸಿಯೋಥೆರಪಿಯವರ ಜೊತೆ ನಿಂತು ಅಳೆಯುವುದನ್ನು ಕಲಿಸಿದಳು. ಸೊಂಟದ ಅಗಲ ಎಷ್ಟು, ಪೃಷ್ಠದಿಂದ ಮಂಡಿಯ ಹಿಂಬದಿಗೆ ಎಷ್ಟು, ಮಂಡಿಯಿಂದ ಹಿಮ್ಮಡಿಗೆ ಎಷ್ಟು. ಸೊಂಟ, ಮಂಡಿ, ಪಾದದ ಕೀಲು ಮೂರೂ ಲಂಬಕೋನಕ್ಕೆ ಬರಬೇಕು. ಪಾದಕ್ಕೆ ಆಸರೆ, ತೊಡೆಗಳ ನಡುವೆ ಒಂದು ತಡೆ, ಸೊಂಟಕ್ಕೆ ಪಟ್ಟಿ, ಮುಂದೆ ಹಲಗೆ. ಎರಡನೇ ಕುರ್ಚಿ ಮಾಡಲು ಹನ್ನೊಂದು ದಿನ ಹಿಡಿಯಿತು. ಮಳೆ ಬಂದು ರಟ್ಟು ಒಣಗಲಿಲ್ಲ.

ಅದರಲ್ಲಿ ಕೂರಿಸಿದಾಗ ಹುಡುಗನ ಕತ್ತು ನಿಂತಿತು. ಅಲ್ಲಿಯವರೆಗೆ ಅವನು ನೋಡಿದ್ದು ಸೂರನ್ನು ಮಾತ್ರ. ಈಗ ಎದುರಿಗೆ ಅವನ ತಾಯಿ ಇದ್ದಳು. ಗಂಡ ಬಿಟ್ಟುಹೋಗಿದ್ದ, ಮನೆಗೆ ಶಾಪ ತಂದವಳು ಎಂದು ಆಕೆಗೆ ಹೇಳಿದ್ದರಂತೆ. ಆಕೆ ಚಮಚದಲ್ಲಿ ಗಂಜಿ ಕುಡಿಸಿದಳು. ಅಲ್ಲಿ ಅದಕ್ಕೆ 'ಉಜಿ' ಎನ್ನುತ್ತಾರೆ, ನಮ್ಮ ರಾಗಿ ಗಂಜಿಯೇ. ರಾಗಿಯ ಮೂಲ ನೆಲೆಯೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಹುಡುಗ ಕೆಮ್ಮದೆ ನುಂಗಿದ.

ಆಗ ಫುಂಡಿ ಸಹಜವಾಗಿ ಒಂದು ಮಾತು ಹೇಳಿದಳು: "ಇಂಥ ಮಕ್ಕಳಿಗೆ ಮಲಗಿಸಿ ಉಣಿಸಬಾರದು ಮ್ಜೇ. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ."

ನಾನು ಎದ್ದು ಹೊರಗೆ ಹೋದೆ. ಐವತ್ತು ವರ್ಷ ಕರ್ಮ ಎಂದುಕೊಂಡಿದ್ದು ಬಹುಶಃ ಒಂದು ಕುರ್ಚಿಯ ಕೊರತೆಯಾಗಿತ್ತು. ಅವ್ವನ ತಪ್ಪು ಅದರಲ್ಲಿ ಏನೂ ಇಲ್ಲ; ಅವಳಿಗೆ ಹೇಳಿಕೊಟ್ಟವರು ಯಾರು? ಆದರೆ ಓದಿ ಇಂಜಿನಿಯರ್ ಆದ ನಾನು? ಒಂದು ಶಾಲೆಗೆ ಮೂರು ಮೆಟ್ಟಿಲು, ಒಂದೂವರೆ ಅಡಿ ಎತ್ತರ. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 18 ಅಡಿ ಉದ್ದದ ಇಳಿಜಾರು ಬೇಕಿತ್ತು. ಜಾಗವಿಲ್ಲವೆಂದು ಆರು ಅಡಿಗೆ ಮುಗಿಸಿದ್ದಕ್ಕೆ ನಾನೇ ಸಹಿ ಹಾಕಿದ್ದೇನೆ. ಕಡತದಲ್ಲಿ ರ‍್ಯಾಂಪ್ ಇದೆ. ಗಾಲಿಕುರ್ಚಿಯವನು ತಾನಾಗಿ ಅದನ್ನು ಹತ್ತಲಾರ.

ನಮ್ಮಲ್ಲಿ 2016ರ ಕಾನೂನು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಾನೂನು ಬಾಗಿಲ ತನಕ ಬರುತ್ತದೆ, ಒಳಕೋಣೆಯ ಬಾಗಿಲು ನಾವೇ ತೆಗೆಯಬೇಕು. ದಾಸೋಹವೆಂದರೆ ಅನ್ನ ಮಾತ್ರವಲ್ಲ ಎಂದು ಪೂಜ್ಯರು ಹೇಳುತ್ತಿರುತ್ತಾರೆ. ಉಣ್ಣಲು ಕೂರಲಾಗದ ಮಗುವನ್ನು ಕೂರಿಸುವುದೂ ದಾಸೋಹವೇ.

ನನ್ನ ಬಿನ್ನಹ ಎರಡು. ಇಂದು ಬರುವಾಗ ನಮ್ಮ ದಾಸೋಹ ಭವನದ ಮೆಟ್ಟಿಲು ಅಳೆದೆ. ಐದು ಮೆಟ್ಟಿಲು, ಎರಡೂವರೆ ಅಡಿ. 30 ಅಡಿ ಇಳಿಜಾರಿಗೆ ಬಲಗಡೆ ಜಾಗವಿದೆ, ನಕ್ಷೆ ನಾನು ಮಾಡಿಕೊಡುತ್ತೇನೆ. ಇನ್ನೊಂದು, ಪ್ರತಿ ಎರಡನೇ ಭಾನುವಾರ ಇಲ್ಲಿನ ಹಿಂದಿನ ಕೊಠಡಿಯಲ್ಲಿ ರಟ್ಟಿನ ಕುರ್ಚಿ ಮಾಡಲು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಅಳತೆಗೆ ಫಿಸಿಯೋಥೆರಪಿ ಬಲ್ಲ ಶರಣೆಯೊಬ್ಬರು ಬರುತ್ತಾರೆ. ನೀವು ಹಳೇ ಪೆಟ್ಟಿಗೆ ತನ್ನಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಓಣಿಯಲ್ಲಿ ಬಾಗಿಲು ಹಾಕಿದ ಕೋಣೆ ಇದ್ದರೆ ಆ ತಾಯಿಗೆ ಹೇಳಿ, ಮಗುವನ್ನು ಎತ್ತಿಕೊಂಡು ಬರಲಿ. ಮೊದಲು ಮಗುವನ್ನು ಅಳೆಯುತ್ತೇನೆ.